ಹುಸೇನಮ್ಮನ ನೂರ ಇಪ್ಪತ್ತೆಂಟು ಸುತ್ತು

"ಯಾರ್ ಹಿಂಗ ಒದರಿಸ್ಯಾರೋ ಇದನ್ನ?"

ಹುಸೇನಮ್ಮ ಕೇಳುವುದು ಯಾರನ್ನೂ ಅಲ್ಲ. ಬೆಳಗಿನ ಐದೂ ಮುಕ್ಕಾಲು. ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಶಟರು ಅರ್ಧ ಮಾತ್ರ ಎದ್ದಿದೆ. ಒಳಗೆ ಒಂದೇ ದೀಪ, ಅದರ ಕೆಳಗೆ ಕಲೆಗಟ್ಟಿದ ಮರದ ಮೇಜು, ಮೇಜಿನ ಮುಂದೆ ಐವತ್ತೈದರ ಹೆಂಗಸು. ತೊಡೆಯ ಮೇಲೆ ಅಂಗಾತ ಮಲಗಿದೆ ಹನ್ನೆರಡು ಇಂಚಿನ ಸ್ಪೀಕರು. ಅದರ ಕಪ್ಪು ಕಾಗದದ ಬಾಯಿ ಅಂಚಿನಿಂದ ನಡುವಿನ ತನಕ ಸೀಳಿದೆ. ಹತ್ತಿರ ಹೋದರೆ ಸುಟ್ಟ ಅರಗಿನ ವಾಸನೆ.

ಬ್ಲೇಡಿನಿಂದ ಕಾಗದವನ್ನು ಸುತ್ತಲೂ ಕೊಯ್ದು ಎತ್ತುತ್ತಾರೆ. ಅದರ ಬುಡಕ್ಕೆ ಅಂಟಿಕೊಂಡು ಒಂದು ಸಣ್ಣ ಕೊಳವೆ ಬರುತ್ತದೆ. ಕೊಳವೆಯ ಮೈಗೆ ತಾಮ್ರದ ತಂತಿಯ ಸುರುಳಿ. ಸ್ಪೀಕರಿನ ಜೀವ ಇರುವುದು ಇಲ್ಲೇ. ಕರೆಂಟು ಹರಿದಾಗ ಹಿಂದಿನ ಅಯಸ್ಕಾಂತ ಸುರುಳಿಯನ್ನು ಎಳೆದು ತಳ್ಳುತ್ತದೆ, ಸುರುಳಿ ಕಾಗದವನ್ನು ಅಲುಗಿಸುತ್ತದೆ, ಕಾಗದ ಗಾಳಿಯನ್ನು. ಮಸೀದಿಯ ಬಾಂಗು, ಹಲಸೂರಿನ ಗುಡಿಯ ಸುಪ್ರಭಾತ, ಸೊಪ್ಪಿನ ಗಾಡಿಯ ಕೂಗು, ಸೆಪ್ಟೆಂಬರಿನ ಮೇರಿಯಮ್ಮನ ಹಬ್ಬದ ಪ್ರಾರ್ಥನೆ, ನವೆಂಬರಿನ ಕನ್ನಡದ ಹಾಡು, ಎಲ್ಲಕ್ಕೂ ಹಾದಿ ಈ ಬೆರಳುದ್ದದ ಸುರುಳಿ. ಕಂಟೋನ್ಮೆಂಟಿನ ಈ ಭಾಗದಲ್ಲಿ ಸುರುಳಿ ಸುಟ್ಟರೆ ಅದನ್ನು ಕೈಯಿಂದ ಸುತ್ತಿಕೊಡುವವರು ಈಗ ಒಬ್ಬರೇ ಉಳಿದಿದ್ದಾರೆ.

ಅವರ ದಿನ ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ನಾಲ್ಕಕ್ಕೆ ಶುರುವಾಗುತ್ತದೆ. ಗಂಡ ದುರ್ಗೇಶನಿಗೆ ರೊಟ್ಟಿ ತಟ್ಟಿಟ್ಟು ಮೊದಲ ಬಸ್ಸು ಹಿಡಿಯುತ್ತಾರೆ. ಅಂಗಡಿ ತೆರೆಯುವುದು ಎಂಟೂವರೆಗೆ. ಅಷ್ಟು ಮುಂಚೆ ಬರುವುದು ಕಿವಿಗಾಗಿ. ಹೊಸ ಸುರುಳಿ ಕೂರಿಸಿ ಅಂಟು ಒಣಗಿದ ಮೇಲೆ ಎರಡೂ ಕೈಯ ಬೆರಳಿಟ್ಟು ಕಾಗದವನ್ನು ಮೆಲ್ಲನೆ ಒತ್ತಿ ಕೇಳಬೇಕು. ಒಳಗೆ ಎಲ್ಲಾದರೂ ತಾಗಿದರೆ ಅನ್ನದಲ್ಲಿ ಹರಳು ಕಡಿದಷ್ಟು ಸಣ್ಣ ಸದ್ದು. "ಏಳು ಗಂಟಿಗೆ ಮಾಂಸದ ಗಾಡಿ ಬರ್ತಾವ, ಆಟೋದವ್ರು ಬೈದಾಡಾಕ ಸುರು ಮಾಡ್ತಾರ. ಆಮ್ಯಾಲ ನನ್ನ ಕಿವಿಗೆ ಏನೂ ತಿಳಿಯಂಗಿಲ್ರಿ," ಎನ್ನುತ್ತಾರೆ.

ಹುಸೇನಮ್ಮನ ಊರು ಲಿಂಗಸುಗೂರಿನ ಕಡೆ, ಕೃಷ್ಣಾ ಹೊಳೆಯ ದಂಡೆಯ ಒಂದು ಹಳ್ಳಿ. ಹೆಸರು ನೋಡಿ ಮುಸ್ಲಿಮರೆಂದುಕೊಳ್ಳುವವರೇ ಹೆಚ್ಚು. "ಮೊಹರಂದಾಗ ಹುಟ್ಟೀನಿ. ಅಲಾಯಿ ದೇವರಿಗೆ ನಮ್ಮವ್ವ ಹರಕಿ ಹೊತ್ತಿದ್ಲು," ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ, ಸಾವಿರ ಸಲ ಹೇಳಿದ ಮಾತು. ಅಂಗಡಿಯ ಮಾಲೀಕ ಹಬೀಬ್ ಇದನ್ನೇ ತಮಾಷೆ ಮಾಡುತ್ತಾರೆ: "ಗಿರಾಕಿ ಬಂದು ಇವ್ರಿಗೆ ಸಲಾಂ ಅಂತಾರೆ, ನಂಗೆ ಏನ್ ಗುರು ಅಂತಾರೆ."

ಬೆಂಗಳೂರಿಗೆ ಬಂದದ್ದು ಹದಿನೆಂಟರ ಹರೆಯದಲ್ಲಿ. ದುರ್ಗೇಶ ಗಾರೆ ಕೆಲಸಕ್ಕೆ, ಇವರು ದೊಡ್ಡನೆಕ್ಕುಂದಿಯ ಒಂದು ಸಣ್ಣ ಸ್ಪೀಕರು ಕಾರ್ಖಾನೆಗೆ. ಅಲ್ಲಿ ಹನ್ನೊಂದು ಹೆಂಗಸರು ಸಾಲಾಗಿ ಕೂತು ಕೈಚಕ್ರ ತಿರುಗಿಸಿ ಸುರುಳಿ ಸುತ್ತುತ್ತಿದ್ದರು. ಸುತ್ತು ಎಣಿಸುವ ಮೀಟರು ಕೆಟ್ಟು ಕೂತಿತ್ತು. ಬಾಯಲ್ಲಿ ಒಂದು ಎರಡು ಎಂದು ಎಣಿಸಿದರೆ ಪಕ್ಕದವಳ ಎಣಿಕೆ ನಡುವೆ ನುಗ್ಗಿ ತಪ್ಪುತ್ತಿತ್ತು. ಹುಸೇನಮ್ಮ ಹಾಡಿನ ಮೊರೆ ಹೋದರು. ಅವ್ವ ಕಲಿಸಿದ ಎಂಟು ಸಾಲಿನ ಅಲಾಯಿ ಪದ, ಮೊಹರಂನ ಬೆಂಕಿ ಕುಣಿಯ ಸುತ್ತ ಹೇಳುವಂಥದು, ಸಾಲಿಗೆ ಹದಿನಾರು ಮಾತ್ರೆ. ಮಾತ್ರೆಗೊಂದು ಸುತ್ತು ಹಾಕಿದರೆ ಹಾಡು ಮುಗಿಯುವಾಗ ನೂರ ಇಪ್ಪತ್ತೆಂಟು. ಹನ್ನೆರಡು ಇಂಚಿನ ಸ್ಪೀಕರಿಗೆ ಬೇಕಾದದ್ದೂ ಅಷ್ಟೇ. ನಾಲ್ಕು ಸಾಲು ಮೇಲಿಂದ ಕೆಳಕ್ಕೆ, ನಾಲ್ಕು ಸಾಲು ಕೆಳಗಿಂದ ಮೇಲಕ್ಕೆ. ಎಂಟು ಇಂಚಿನದಕ್ಕಾದರೆ ಐದೇ ಸಾಲು ಸಾಕು.

ಹೊಳಿದಂಡಿ ಮೇಲೊಂದು ಗಿಡ ನಿಂತಿತೊ, ಎಂದು ಹಾಡು ಶುರುವಾಗುತ್ತದೆ. ದನಿ ಎತ್ತಿ ಹಾಡುವುದಿಲ್ಲ, ತುಟಿ ಅಲುಗಿದ್ದು ಕಾಣುತ್ತದೆ ಅಷ್ಟೇ. ಏಳನೆಯ ಸಾಲು, ಮದುಮಗಳ ಕೈಬಳೆ ಮಣ್ಣಾಯಿತೋ, ಬಂದಾಗ ಮಾತ್ರ ತಲೆ ಒಂಚೂರು ಬಾಗುತ್ತದೆ. ಕೈ ನಿಲ್ಲುವುದಿಲ್ಲ.

ಕಾರ್ಖಾನೆ ತೊಂಬತ್ತೆರಡರಲ್ಲಿ ಮುಚ್ಚಿತು. ಅಲ್ಲಿಂದ ಕಾಗದದ ಕೋನು ತರುತ್ತಿದ್ದ ಹಬೀಬ್ ಇವರ ಕೈ ನೋಡಿದ್ದರು, ಕರೆದು ಈ ಮೇಜು ಕೊಟ್ಟರು. ಗಣಪತಿ ಹಬ್ಬದ ತಿಂಗಳಲ್ಲಿ ದಿನಕ್ಕೆ ಹದಿನಾಲ್ಕು ಸುರುಳಿ ಸುತ್ತಿದ ಕಾಲವಿತ್ತು. ಈಗ ವಾರಕ್ಕೆ ಹತ್ತು ಬಂದರೆ ಹೆಚ್ಚು. ಇಡೀ ಡಬ್ಬಿಯೇ ಹೊಸದು ಸಿಗುವಾಗ ಹರಿದದ್ದನ್ನು ಹೊಲಿಸುವವರು ಯಾರು? ಯುಗಾದಿ ಕಳೆದ ಮೇಲೆ ಈ ಮೇಜು ತೆಗೆದು ಅರ್ಧ ಅಂಗಡಿಯನ್ನು ಮೊಬೈಲ್ ಕವರು ಮಾರುವವರಿಗೆ ಬಿಟ್ಟುಕೊಡುವುದೆಂದು ಹಬೀಬ್ ಮಾತಾಡಿಯಾಗಿದೆ. ಅದಕ್ಕೆ ಇನ್ನು ಏಳು ವಾರ. ಹುಸೇನಮ್ಮ ಇದನ್ನು ಗೊಣಗದೆ ಹೇಳುತ್ತಾರೆ. "ಅವರದೂ ತಪ್ಪಿಲ್ರಿ. ನನಗ ಈ ಮೇಜೊಂದು ಇನ್ನಷ್ಟು ವರ್ಸ ಇದ್ದಿದ್ರ ಸಾಕಿತ್ತು. ಬ್ಯಾರೆ ಏನು ಕೇಳ್ಲಿ?"

ಹಬೀಬ್ ಎದೆ ತಟ್ಟಿ ಹೇಳುವ ಮಾತೊಂದಿದೆ. ಮೂವತ್ತು ಚಿಲ್ಲರೆ ವರ್ಷದಲ್ಲಿ ಸುತ್ತಿನ ತಪ್ಪಿಗೆ ಈ ಮೇಜಿಗೆ ವಾಪಸು ಬಂದ ಸ್ಪೀಕರು ಒಂದೂ ಇಲ್ಲ.

ಇವತ್ತು ತೊಡೆಯ ಮೇಲಿರುವ ಸ್ಪೀಕರು ಜಗನ್ ಎಂಬವರದು. ಐವತ್ತೆರಡು ವರ್ಷ, ದೊಡ್ಡನೆಕ್ಕುಂದಿಯ ಹಳೆಯ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಾರ್ಖಾನೆಯ ಗೋದಾಮು, ಉಳಿದ ತುಂಡಿನಲ್ಲಿ ಹುಡುಗರ ಪಿ.ಜಿ. ಮೂರು ದಿನದ ಹಿಂದೆ ಅವರು ಈ ಸ್ಪೀಕರನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದರು. "ನಮ್ಮಮ್ಮ ಇದ್ರ ಡಬ್ಬ ಮೇಲೆ ಇಪ್ಪತ್ತೈದು ವರ್ಷ ಅಕ್ಕಿ ಮೂಟೆ ಇಟ್ಟಿದ್ರು. ಇಳಿಸಿ ಹಚ್ಚಿದ್ವಿ, ಎರಡು ಹಾಡಿಗೇ ಹೋಯ್ತು," ಎಂದು ಅವತ್ತು ನಗುತ್ತಲೇ ಹೇಳಿದ್ದರು. ಜಗನ್ ಒಂದು ಕಾಲದಲ್ಲಿ ಗ್ರಂಜ್ ಹಾಡುತ್ತಿದ್ದವರು.

ಗ್ರಂಜ್ ಎಂದರೆ ಕೊಳೆ, ಮಡ್ಡಿ. ಎಂಬತ್ತರ ದಶಕದಲ್ಲಿ ಅಮೆರಿಕದ ವಾಯವ್ಯ ಮೂಲೆಯ ಬಂದರು ಪಟ್ಟಣ ಸಿಯಾಟಲ್ ಮತ್ತು ಸುತ್ತಲಿನ ಊರುಗಳಲ್ಲಿ ಹುಟ್ಟಿದ ರಾಕ್ ಸಂಗೀತಕ್ಕೆ ಈ ಹೆಸರು ಅಂಟಿಕೊಂಡಿತು. ದೊಡ್ಡ ಕಂಪನಿಗಳು ಆ ಕಡೆ ತಲೆ ಹಾಕುತ್ತಿರಲಿಲ್ಲ. ಹುಡುಗರು ಗಿರವಿ ಅಂಗಡಿಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಗಿಟಾರು ತಂದು ಮನೆಯ ಗ್ಯಾರೇಜುಗಳಲ್ಲಿ ನುಡಿಸಿದರು. ಪಂಕ್‌ನ ಸಿಟ್ಟು, ಹೆವಿ ಮೆಟಲ್‌ನ ತೂಕ, ಎರಡನ್ನೂ ಕಲಸಿ ದನಿ ಒಡೆದು ಗುರುಗುಟ್ಟುವ ತನಕ ಆಂಪ್ಲಿಫೈಯರನ್ನು ಏರಿಸಿದರು. ಊರಿನದೇ ಒಂದು ಪುಟ್ಟ ಕಂಪನಿ ಅಗ್ಗದ ಸ್ಟುಡಿಯೋದಲ್ಲಿ ಅದನ್ನು ಅಚ್ಚು ಹಾಕಿ ಮಾರಿತು. ತೊಂಬತ್ತೊಂದು ಮುಗಿಯುವ ಹೊತ್ತಿಗೆ ಇಡೀ ದೇಶದ ರೇಡಿಯೋ ಅದನ್ನೇ ಒದರುತ್ತಿತ್ತು. ಮರ ಕಡಿಯುವವರು ತೊಡುತ್ತಿದ್ದ ಚೌಕಳಿ ಅಂಗಿ ದೊಡ್ಡ ಊರುಗಳ ಅಂಗಡಿಗಳಲ್ಲಿ ಫ್ಯಾಶನ್ನಾಗಿ ತೂಗಿತು. ತೊಂಬತ್ನಾಲ್ಕರ ಏಪ್ರಿಲ್‌ನಲ್ಲಿ ಆ ಅಲೆಯ ಎಲ್ಲರಿಗಿಂತ ಹೆಸರಾದ ಗಾಯಕ ತೀರಿಕೊಂಡ. ಅಲೆ ಇಳಿಯಿತು.

ಬೆಂಗಳೂರಿಗೆ ಅದು ಕೇಬಲ್ ಟಿವಿಯಲ್ಲಿ, ನಕಲು ಕ್ಯಾಸೆಟ್ಟುಗಳಲ್ಲಿ ಬಂತು. ಆಗ ಕಾಲೇಜಿನಲ್ಲಿದ್ದ ಜಗನ್ ಮತ್ತು ಮೂವರು ಗೆಳೆಯರು ಕಾಕ್ಸ್ ಟೌನಿನ ಒಂದು ಹಳೆ ಮನೆಯ ಕಾರ್ ಶೆಡ್ಡಿನಲ್ಲಿ ಜೊತೆಗೂಡಿದರು. ಶೆಡ್ಡು ಇದ್ದದ್ದು ಸೆಕೆಂಡ್ ಕ್ರಾಸಿನಲ್ಲಿ, ಬ್ಯಾಂಡಿಗೂ ಅದೇ ಹೆಸರು. ಚೌಕಳಿ ಅಂಗಿಯನ್ನು ಇಲ್ಲೇ ಶಿವಾಜಿನಗರದ ರಾಶಿಯಲ್ಲಿ ಆರಿಸಿ ತಂದರು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಅಮೆರಿಕಕ್ಕೆಂದೇ ಹೊಲಿದು, ಗುಂಡಿ ಓರೆಯಾಯಿತೆಂದು ಹೊರಗೆ ಬಿದ್ದ ಮಾಲು. ಸ್ಪೀಕರು ಸಿಕ್ಕಿದ್ದು ಬಾಗಿಲು ಹಾಕಿದ ಒಂದು ಟಾಕೀಸಿನ ಗುಜರಿಯಲ್ಲಿ. ಅದರ ಸುರುಳಿ ಸುಟ್ಟಿತ್ತು. ಗಿಟಾರಿನ ವಕಾರ್ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಬೀಬರ ಅಂಗಡಿಗೆ ತಂದ. ತೊಂಬತ್ನಾಲ್ಕರ ಜೂನ್ ತಿಂಗಳು. ರಿಪೇರಿಯಾಗಿ ಹೋದ ಆ ಸ್ಪೀಕರು ಶೆಡ್ಡಿನಲ್ಲಿ ಕೊಟ್ಟ ದನಿ ಕಂಟೋನ್ಮೆಂಟಿನ ಬೇರೆ ಯಾವ ಬ್ಯಾಂಡಿಗೂ ಸಿಗಲಿಲ್ಲ ಎಂಬುದು ಆ ಕಾಲದವರು ಇವತ್ತಿಗೂ ಹೇಳುವ ಮಾತು. ಒಂದು ಮಗ್ಗುಲಲ್ಲಿ ಮಾತ್ರ ಹರಿದಂಥ, ಗಂಟಲು ಕಟ್ಟಿ ಅತ್ತಂಥ ದನಿ. ಯಾಕೆ ಹಾಗೆ ಎಂದು ಯಾರಿಗೂ ತಿಳಿದಿರಲಿಲ್ಲ.

ಈ ಭಾನುವಾರ ಇಂದಿರಾನಗರದ ನೂರಡಿ ರಸ್ತೆಯ ಒಂದು ಸಭಾಂಗಣದಲ್ಲಿ ಸೆಕೆಂಡ್ ಕ್ರಾಸ್ ಮತ್ತೆ ನುಡಿಸಲಿದೆ. ಅದಕ್ಕೇ ಸ್ಪೀಕರು ಅಕ್ಕಿ ಮೂಟೆಯ ಅಡಿಯಿಂದ ಹೊರಬಂದದ್ದು.

ಹಳೆಯ ಸುರುಳಿಯನ್ನು ಹಾಗೇ ಕಿತ್ತೆಸೆಯುವುದು ಹುಸೇನಮ್ಮನ ರೀತಿಯಲ್ಲ. ಅದನ್ನು ಚಕ್ರಕ್ಕೆ ಹಾಕಿ ಹಿಂದಕ್ಕೆ ತಿರುಗಿಸಿ ಬಿಚ್ಚುತ್ತಾರೆ, ಬಿಚ್ಚುವಾಗಲೂ ಹಾಡು. ಕಟ್ಟಿದವರು ಎಷ್ಟು ಸುತ್ತು ಹಾಕಿದ್ದರೋ ಅಷ್ಟೇ ಹೊಸದಕ್ಕೂ. ಇವತ್ತೂ ಬಿಚ್ಚುತ್ತಾರೆ. ಸುಟ್ಟ ತಂತಿ ಕಡ್ಡಿಯಂತೆ ಸೆಟೆದಿದ್ದರೂ ತುಂಡಾಗುವುದಿಲ್ಲ. ತುಟಿ ಅಲುಗುತ್ತದೆ. ಏಳನೆಯ ಸಾಲು ಮುಗಿಯುತ್ತಿದ್ದ ಹಾಗೆ ತಂತಿಯೂ ಮುಗಿಯುತ್ತದೆ.

ಕೈ ನಿಲ್ಲುತ್ತದೆ. ಎಂಟನೆಯ ಸಾಲು ಬಾಯಲ್ಲೇ ಉಳಿದಿದೆ.

ಬಿಚ್ಚಿದ ತಂತಿಯನ್ನು ರಾಟೆಗೆ ಸುತ್ತಿ ಮತ್ತೆ ಎಣಿಸುತ್ತಾರೆ. ಈ ಸಲ ಬೆರಳು ಮಡಚಿ, ಅಂಕಿಯಲ್ಲಿ. ನೂರ ಹನ್ನೆರಡು. ಇನ್ನೊಮ್ಮೆ. ನೂರ ಹನ್ನೆರಡು. "ಯಾವ ಮುಠ್ಠಾಳ ಸುತ್ತ್ಯಾನ ಇದನ್ನ?" ಎಂದು ಬೈದು ಕೊಳವೆಯನ್ನು ದೀಪಕ್ಕೆ ಹಿಡಿಯುತ್ತಾರೆ. ಮೇಲಿನ ಪದರ ಅಂಚು ಮುಟ್ಟದೆ ಮೋಟಾಗಿ ನಿಂತಿದ್ದ ಗುರುತು ಕಾಣುತ್ತದೆ. ಅಂಥ ಸುರುಳಿ ಅಯಸ್ಕಾಂತದ ಸಂದಿನಲ್ಲಿ ನಟ್ಟನಡುವೆ ಕೂರುವುದಿಲ್ಲ. ಜೋರು ನುಡಿಸಿದಾಗ ಒಂದು ಕಡೆಗೆ ಬೇಗ ಹೊರಬಿದ್ದು ದನಿ ಒಡೆಯುತ್ತದೆ, ಹಾಗೇ ಬಿಸಿಯಾಗಿ ಒಂದು ದಿನ ಸುಡುತ್ತದೆ.

ಆಮೇಲೆ ಅವರ ಕಣ್ಣಿಗೆ ಬಿದ್ದದ್ದು ತಂತಿಯ ತುದಿ ಬಿಗಿದಿದ್ದ ದಾರ. ಸುಟ್ಟು ಕಪ್ಪಾಗಿದ್ದರೂ ಉಗುರಿನಿಂದ ಕೆರೆದಾಗ ಒಳಗೆ ಕೆಂಪು, ಹಳದಿ ಎಳೆ. ಹುಸೇನಮ್ಮ ದಾರವನ್ನು ಅಂಗೈಯಲ್ಲಿಟ್ಟು ದೀಪದ ಹತ್ತಿರ ಹಿಡಿಯುತ್ತಾರೆ. ಹೊರಗೆ ಮೊದಲ ಮಾಂಸದ ಗಾಡಿ ಬಂದು ನಿಲ್ಲುತ್ತದೆ.

"ಲಾಡಿ," ಎನ್ನುತ್ತಾರೆ. ಮೊಹರಂನ ಹತ್ತು ದಿನ ಹರಕೆ ಹೊತ್ತವರು ಕಟ್ಟಿಕೊಳ್ಳುವ ದಾರ ಅದು. "ನಂದ. ನಾನ ಸುತ್ತಿದ್ದು."

ಪ್ರತಿ ವರ್ಷ ಆ ಹತ್ತು ದಿನ ಹುಸೇನಮ್ಮ ಊರಿನಲ್ಲಿರುತ್ತಾರೆ, ಚಕ್ರ ಮುಟ್ಟುವುದಿಲ್ಲ. ಒಂದೇ ಒಂದು ವರ್ಷ ತಪ್ಪಿತ್ತು. ತೊಂಬತ್ನಾಲ್ಕರಲ್ಲಿ ದುರ್ಗೇಶ ಕಟ್ಟಡದ ಸಾರುವೆಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಇವರು ಊರಿಗೆ ಹೋಗಲಾಗದೆ ಇಲ್ಲೇ ಕೈಗೆ ಲಾಡಿ ಕಟ್ಟಿಕೊಂಡು ಕೆಲಸಕ್ಕೆ ಬಂದರು. ಉಳಿದ ಲಾಡಿಯ ತುಂಡಿನಿಂದಲೇ ತಂತಿಯ ತುದಿ ಬಿಗಿದಿದ್ದರು.

"ನಮ್ಮನ್ಯಾಗ ಒಂದು ಪದ್ಧತಿ ಐತ್ರಿ. ದೇವರು ಕುಂತಾಗಿಂದ ಹೊಳಿಗೆ ಹೋಗೋತನಕ ಆ ಕೈಬಳಿ ಸಾಲು ಬಾಯಾಗ ತರಂಗಿಲ್ಲ. ಮದುವಿ ಮನ್ಯಾಗ ಸಾವಾಗಿದ್ದ ದುಃಖ ಅದು. ಆ ಜಾಗಕ್ಕ ಬಂದಾಗ ಒಂದು ಉಸುರು ಬಿಟ್ಟು ಮುಂದಿನ ಸಾಲಿಗೆ ದಾಟ್ತೀವಿ. ಅವತ್ತು ಬಾಯಿ ತಾನ ದಾಟೈತಿ. ಕೈ ಬಾಯಿ ಹಿಂದ ಹೋಗೈತಿ. ನನಗ ಖಬರ ಇಲ್ಲ." ದಾರವನ್ನು ಮೇಜಿನ ಮೇಲಿಟ್ಟು, "ಮೂವತ್ತು ವರ್ಸ ಒಂದೂ ತಪ್ಪಿಲ್ಲ ಅಂತ ಹೇಳ್ಕೋತ ಬಂದೀನಲ್ರಿ," ಎನ್ನುತ್ತಾರೆ.

ಹಬೀಬ್ ಎಂಟೂವರೆಗೆ ಬಂದು ಶಟರು ಪೂರಾ ಎತ್ತುತ್ತಾರೆ. ಎಪ್ಪತ್ತು ದಾಟಿದ ಮನುಷ್ಯ, ಕೈಯಲ್ಲಿ ಟೀ ಫ್ಲಾಸ್ಕು. ವಿಷಯ ಕೇಳಿ ಫ್ಲಾಸ್ಕನ್ನು ಮೇಜಿನ ಮೇಲಿಡುತ್ತಾರೆ.

"ಅಷ್ಟೇನಾ? ಛೋಡೋ. ಅವ್ರಿಗೇನು ಗೊತ್ತಾಗತ್ತೆ? ಹೊಸದು ಸುತ್ತಿ ಕೊಟ್ಬಿಡಿ. ಬಾಯಿ ಬಿಡ್ಬೇಡಿ."

"ಹೇಳ್ಬೇಕ್ರಿ."

"ಯಾಕೆ? ಮೂವತ್ತು ವರ್ಷದ ಹಳೆ ಮಾಲು. ಗ್ಯಾರಂಟಿ ಕಾರ್ಡ್ ಇಟ್ಕೊಂಡಿರ್ತಾರಾ?"

"ನನ್ನ ದಾರ ಐತಲ್ರಿ ಅದರಾಗ."

ಹಬೀಬ್ ಟೀ ಬಗ್ಗಿಸುತ್ತಾರೆ.

ಜಗನ್ ಒಂಬತ್ತಕ್ಕೆ ಬರುತ್ತಾರೆ. ಟೀ ಶರ್ಟಿನ ಮೇಲೆ ಗುಂಡಿ ಹಾಕದ ಚೌಕಳಿ ಅಂಗಿ, ತಲೆಯಲ್ಲಿ ಕೂದಲು ಕಡಿಮೆ. ಹುಸೇನಮ್ಮ ಎದ್ದು ನಿಂತು ಹೇಳುತ್ತಾರೆ: ಸ್ಪೀಕರು ಕೆಟ್ಟದ್ದು ತನ್ನ ತಪ್ಪಿನಿಂದ, ಒಂದು ಸಾಲು ಬಿಟ್ಟು ಸುತ್ತಿದ್ದು ತಾನೇ, ಈ ಸಲ ಪೂರಾ ಸುತ್ತಿ ಕೊಡುವೆ. ದಾರವನ್ನೂ ತೋರಿಸುತ್ತಾರೆ. ಜಗನ್ ದಾರವನ್ನು, ಮೋಟು ಸುರುಳಿಯ ಗುರುತನ್ನು, ಮತ್ತೆ ಇವರ ಮುಖವನ್ನು ನೋಡುತ್ತಾರೆ. ಆಮೇಲೆ ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತು ಗಟ್ಟಿಯಾಗಿ ನಗುತ್ತಾರೆ.

"ಅಯ್ಯೋ ಅಮ್ಮ! ಆ ಸೌಂಡು ನಿಮ್ದಾ? ವಕಾರ್ ಕೈ ಚಳಕ ಅಂತ ನಾವು ಅವ್ನಿಗೆ ಮೂವತ್ತು ವರ್ಷದಿಂದ ಬಿರಿಯಾನಿ ಕೊಡಿಸ್ತಿದ್ದೀವಿ!"

ಮೊಬೈಲು ತೆಗೆದು ಹಳೆ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ರೆಕಾರ್ಡಿಂಗ್ ಹಚ್ಚುತ್ತಾರೆ. ಶೆಡ್ಡಿನಲ್ಲಿ ಆ ಜೂನ್ ತಿಂಗಳು ನುಡಿಸಿದ್ದು, ಆ ಅಮೆರಿಕದ ಗಾಯಕ ಹೋದ ಎರಡು ತಿಂಗಳಿಗೆ, ಅವನ ನೆನಪಿಗೆಂದು ಇವರೇ ಕಟ್ಟಿದ ಹಾಡು. ಹುಸೇನಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಾರೆ. ಮೊದಲು ಗಿಟಾರು ಪಿಸುಗುಡುತ್ತದೆ, ಆಮೇಲೆ ಒಮ್ಮೆಲೇ ಬಿರಿಯುತ್ತದೆ, ಮತ್ತೆ ತಗ್ಗುತ್ತದೆ. ಹಾಡು ಪೂರಾ ಕೇಳಿದ ಮೇಲೆಯೇ ಕಣ್ಣು ತೆರೆಯುವುದು.

"ಅಳೋ ಹಾಡು," ಎನ್ನುತ್ತಾರೆ. "ಮೆಲ್ಲಕ ಹೇಳ್ತಾರ, ನಡುವ ಒದರ್ತಾರ, ಮತ್ತ ಮೆಲ್ಲಕ ಬರ್ತಾರ. ಅಲಾಯಿ ಮುಂದ ನಮ್ಮವ್ವನೂ ಹಿಂಗ ಹಾಡ್ತಿದ್ಲು. ಛಲೋ ಐತ್ರಿ. ಆದ್ರ ಸ್ಪೀಕರು ನರಳಾಕತ್ತೈತಿ."

"ಆ ನರಳಾಟಾನೇ ಬೇಕಮ್ಮ ನಮ್ಗೆ," ಎಂದು ಜಗನ್ ಎದ್ದು ಮೇಜಿನ ಹತ್ತಿರ ಬರುತ್ತಾರೆ. ಈಗ ನಗುವಿಲ್ಲ. "ಹಾಗೇ ಸುತ್ತಿಕೊಡಿ. ಅದೇ ನೂರ ಹನ್ನೆರಡು. ವಕಾರ್‌ಗೆ ಒಂದು ಕಿವಿ ಹೋಗಿದೆ, ಇನ್ನೊಂದಾದ್ರೂ ಉಳಿಬೇಕಾದ್ರೆ ಸ್ಟೇಜ್ ಬಿಡಿ ಅಂದಿದ್ದಾರೆ ಡಾಕ್ಟ್ರು. ಭಾನುವಾರವೇ ಕೊನೆ. ಆ ದನಿ ಇದ್ರೆ ನನ್ನ ಗಿಟಾರು ಎಲ್ಲಿದೆ ಅಂತ ನಂಗೆ ಗೊತ್ತಾಗತ್ತೆ ಮಗಾ, ಅಂತಾನೆ."

ಹುಸೇನಮ್ಮ ಹೊಸ ಕೊಳವೆಯನ್ನು ಬಟ್ಟೆಯಲ್ಲಿ ಒರೆಸುತ್ತಾರೆ.

"ಇದೊಂದೇ ಅಲ್ಲ," ಎನ್ನುತ್ತಾರೆ ಜಗನ್. "ಈಗಿನ ಹುಡುಗ್ರು ಮತ್ತೆ ಗ್ರಂಜ್ ನುಡಿಸ್ತಿದ್ದಾರೆ. ಇಂದಿರಾನಗರ, ವೈಟ್‌ಫೀಲ್ಡ್, ಹತ್ತು ಬ್ಯಾಂಡು ನಂಗೇ ಗೊತ್ತು. ಕೆಟ್ಟ ದನಿಗೆ ಅಂತ ಫಾರಿನ್ನಿಂದ ಡಬ್ಬ ತರಿಸ್ತಾರೆ. ಇದನ್ನ ಒಂದ್ಸಲ ಕೇಳಿದ್ರೆ ಎಲ್ಲರೂ ಇಲ್ಲಿಗೇ ಬರ್ತಾರೆ. ನಾನು ಕರ್ಕೊಂಡ್ ಬರ್ತೀನಿ."

ಹಬೀಬ್ ಟೀ ಲೋಟವನ್ನು ಅರ್ಧಕ್ಕೇ ಇಳಿಸುತ್ತಾರೆ. "ಕೇಳಿದ್ರಾ ಹುಸೇನಮ್ಮ? ಹತ್ತು ಬ್ಯಾಂಡು. ಮೇಜು ಇಲ್ಲೇ ಇರತ್ತೆ. ಕವರಿನವನಿಗೆ ನಾನೇ ಬೇಡ ಅಂತೀನಿ, ಇವತ್ತೇ."

"ಸುತ್ತು ಕಮ್ಮಿ ಇದ್ರ ಸುಡ್ತದ್ರಿ."

"ಸುಡ್ಲಿ," ಎನ್ನುತ್ತಾರೆ ಜಗನ್. "ಸುಟ್ರೆ ಮತ್ತೆ ತರ್ತೀವಿ."

"ಮತ್ತ ಸುಡೋ ಮಾಲು ಸುತ್ತೋದು ಒಂದು ಕೆಲಸ ಏನ್ರಿ?"

"ಸರಿ, ಹಾಡು ಬೇಡ. ಹಾಡಿಗೂ ಇದಕ್ಕೂ ಸಂಬಂಧ ಬೇಡ. ಮೊಬೈಲಲ್ಲಿ ನಾನೇ ಎಣಿಸ್ತೀನಿ, ನೂರ ಹನ್ನೆರಡಕ್ಕೆ ಸ್ಟಾಪ್ ಅಂತೀನಿ. ನೀವು ಬಾಯಿ ಮುಚ್ಕೊಂಡು ತಿರುಗ್ಸಿ, ಅಷ್ಟೇ."

"ಎಣಿಸೋದು ನೀವು. ಕೈ ಯಾರದು?"

ಗಲ್ಲಿಯಲ್ಲಿ ಯಾವುದೋ ಆಟೋ ಬಿಡದೆ ಹಾರ್ನ್ ಹೊಡೆಯುತ್ತಿದೆ. ಹುಸೇನಮ್ಮ ಹೊಸ ತಂತಿಯ ತುದಿಯನ್ನು ಕೊಳವೆಗೆ ಅಂಟಿಸಿ ಚಕ್ರಕ್ಕೆ ಕೈ ಇಡುತ್ತಾರೆ. ಹಳೆಯ ಲಾಡಿಯ ಎಳೆ ಈಗ ಅವರ ಸೆರಗಿನ ಗಂಟಿನಲ್ಲಿದೆ.

"ಭಾನುವಾರ ನಾನೂ ಕೇಳಾಕ ಬರ್ತೀನ್ರಿ, ದುರ್ಗೇಶನ್ನ ಕರ್ಕೊಂಡು. ನನ್ನ ಸ್ಪೀಕರು ದೊಡ್ಡ ಜಾಗದಾಗ ಹೆಂಗ ಹಾಡ್ತದ ಅಂತ ಒಮ್ಮೆನೂ ಕೇಳಿಲ್ಲ," ಎನ್ನುತ್ತಾರೆ.

ಜಗನ್ ಎರಡೂ ಕೈ ಮೇಜಿನ ಅಂಚಿಗೆ ಊರುತ್ತಾರೆ. "ಬನ್ನಿ. ಮುಂದಿನ ಸಾಲಲ್ಲೇ ಕೂರಿಸ್ತೀನಿ. ಆದ್ರೆ ಈ ಒಂದಕ್ಕೆ ಅಮ್ಮ, ಆ ಬಳೆ ಸಾಲು ಒಂದೇ ಒಂದ್ಸಲ ಬಿಟ್ಬಿಡಿ. ಕಾಲಿಗೆ ಬೀಳ್ತೀನಿ."

ಚಕ್ರ ಆಗಲೇ ತಿರುಗತೊಡಗಿದೆ. ತುಟಿ ಮೊದಲ ಸಾಲಿನ ಕೊನೆ ಮುಟ್ಟಿದ ಮೇಲೆ ಹುಸೇನಮ್ಮ ಕೈ ನಿಲ್ಲಿಸಿ, ಸುತ್ತು ಜಾರದಂತೆ ಹೆಬ್ಬೆರಳು ಒತ್ತಿ ಹಿಡಿದು, ತಲೆ ಎತ್ತುತ್ತಾರೆ.

"ಬಿಡಂಗಿಲ್ರಿ."